ನಾಲ್ಕು ಸಲ ಒತ್ತಿದ್ರೆ ಹಿಡೀತದೆ

ಮಲೆನಾಡಿನ ಪಿಕಪ್‌ಗಳ ಅಲಂಕಾರಕ್ಕೆ ಎಂದೂ ದುಡ್ಡಿನ ಕೊರತೆಯಿಲ್ಲ. ಮುಂದೆ ಎಲ್‌ಇಡಿ ಸಾಲು, ಒಳಗೆ ಎದೆ ನಡುಗಿಸುವ ಸ್ಪೀಕರ್, ಬಂಪರ್‌ಗೆ ನಿಂಬೆಹಣ್ಣು, ಮೆಣಸಿನಕಾಯಿ. ‘ಬ್ರೇಕ್ ಹೆಂಗಿದೆ ಅಣ್ಣಾ?’ ಎಂದರೆ ಮಾತ್ರ, ‘ನಾಲ್ಕು ಸಲ ಒತ್ತಿದ್ರೆ ಹಿಡೀತದೆ ಬಿಡಿ’ ಎಂಬ ಉತ್ತರ.

ಮೊದಲ ಮೂರು ಸಲದ ಒತ್ತು ಎಲ್ಲಿ ಹೋಯಿತು? ಸಾಮಾನ್ಯವಾಗಿ ಪೈಪಿನಲ್ಲಿ ಗಾಳಿ ಸೇರಿರುತ್ತದೆ, ಇಲ್ಲವೇ ಹಿಂದಿನ ಡ್ರಮ್ಮಿನ ಲೈನರ್ ಸವೆದಿರುತ್ತದೆ. ಗಾಳಿ ತೆಗೆಸಿ ಲೈನರ್ ಅಡ್ಜಸ್ಟ್ ಮಾಡಿಸಲು ಆ ಸ್ಪೀಕರಿನಷ್ಟು ದುಡ್ಡು ಬೇಕಿಲ್ಲ.

ಬೊಲೆರೊ ಪಿಕಪ್‌ಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಹಿಂದಕ್ಕೂ ಡಿಸ್ಕ್ ಹಾಕಿಸುವ ಉತ್ಸಾಹಿಗಳು ಮೊದಲು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಲಿ. ಬಣ್ಣ ಕಷಾಯದಂತಿದ್ದರೆ ಅದು ಹಳತು. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದೆಂಬುದು ಮಾನದಂಡ. ತೇವ ಕುಡಿದ ಆಯಿಲ್‌ಗೆ ಆ ಮಿತಿ ಬರೀ 140. ಚಾರ್ಮಾಡಿ ಘಾಟಿಯುದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಟರೆ ಅದು ಕುದಿದು ಆವಿಯಾಗಿ, ಪೆಡಲ್ ಸದ್ದಿಲ್ಲದೆ ನೆಲ ಮುಟ್ಟಬಹುದು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದೇ ಎಲ್ಲಕ್ಕಿಂತ ಅಗ್ಗದ ರಿಪೇರಿ.

ಬಿಟ್ಟಿ ಉಪಾಯವೂ ಒಂದಿದೆ: ಇಳಿಯುವಾಗ ಎರಡನೇ ಗೇರ್, ಆಗ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಘಾಟಿ ಇಳಿಸುವ ಜಾಣರು ಪಾಪ, ಲೈನರನ್ನೇ ಸುಡುತ್ತಾರೆ. ವೇಗ 40ರಿಂದ 80ಕ್ಕೇರಿದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು!

ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದಾಗ ಹಿಂದಿನ ಚಕ್ರದ ಒಳಬದಿಯಲ್ಲಿ ಆಯಿಲ್ ಜಿನುಗಿದೆಯೇ ಎಂದು ಬಗ್ಗಿ ನೋಡಿಬಿಡಿ. ದೋಸೆ ಬರುವಷ್ಟರಲ್ಲಿ ಮುಗಿಯುವ ಕೆಲಸ.