ಇಂಬಳನ್ಯಾಯ: ವಿದ್ಯಾಸಕ್ತಿ ದಾಟುವ ಬಗೆಯ ಶಾಸ್ತ್ರೀಯ ವಿಚಾರ

ಗ್ರಂಥದ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಕಲಿಯುವ ಹುಚ್ಚು ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ಬಗೆ. ಪ್ರಯೋಜನ: ಈ ಪ್ರಬಂಧ ಅಚ್ಚಾಗುವುದು. ಸಂಬಂಧ: ಹುಡುಕಿದರೆ ಸಿಗುತ್ತದೆ. ಅಧಿಕಾರಿ ಯಾರೆಂದರೆ, ಮಳೆಗಾಲದಲ್ಲಿ ಶೃಂಗೇರಿಯಿಂದ ಹೊರಟು ಕೆರೆಕಟ್ಟೆಯ ಕಾಡಂಚಿನಲ್ಲಿ ಒಮ್ಮೆಯಾದರೂ ಬಸ್ಸಿಳಿದು ನಿಂತವರು. ಕಾರಿನ ಗಾಜು ಏರಿಸಿಕೊಂಡೇ ಕಾರ್ಕಳಕ್ಕೆ ಇಳಿದವರು ಇಲ್ಲಿಗೇ ನಿಲ್ಲಿಸಬಹುದು.

ಪೂರ್ವಪಕ್ಷ ಹೀಗಿದೆ: ಆಸಕ್ತಿ ಗುರುವಿನಲ್ಲಿ ತುಂಬಿರುತ್ತದೆ, ಶಿಷ್ಯ ಖಾಲಿ, ಮೇಲಿನಿಂದ ಸುರಿದರೆ ಸಾಕು. ಈ ಪಕ್ಷದ ಆದ್ಯ ಪ್ರವರ್ತಕ ವಿಭಾಂಡಕ ಮುನಿ. ಶೃಂಗೇರಿ ಪೇಟೆಯ ಗುಡ್ಡದ ಮೇಲಿನ ಮಲಹಾನಿಕರೇಶ್ವರ ಲಿಂಗದಲ್ಲಿ ಐಕ್ಯನಾದನೆಂದು ಸ್ಥಳಪುರಾಣ ಹೇಳುವುದು ಅವನನ್ನೇ. ಮಗ ಋಷ್ಯಶೃಂಗನಿಗೆ ಹೊರಗಿನ ಗಾಳಿಯೂ ಸೋಕದಂಥ ವಸತಿಶಾಲೆ ನಡೆಸಿ, ತಾನೊಬ್ಬನೇ ಅಧ್ಯಾಪಕನಾಗಿ, ಇದ್ದಬದ್ದ ವಿದ್ಯೆಯನ್ನೆಲ್ಲ ಸುರಿದ. ಆದರೆ ಮಹಾಭಾರತದ ವನಪರ್ವದಲ್ಲಿ ಹುಡುಗ ಕಣ್ಣರಳಿಸಿ ವರದಿ ಒಪ್ಪಿಸುವುದು ಒಂದೇ ಸಂಗತಿಯ ಬಗ್ಗೆ: ಅಪ್ಪ ಇಲ್ಲದಾಗ ಚೆಂಡು, ಮಾಲೆ, ತಿನಿಸು ಹಿಡಿದು ಬಂದುಹೋದ ಅಂಗದೇಶದ ವೇಶ್ಯೆ. ಜಡೆ, ಗೆಜ್ಜೆ, ದನಿ, ಯಾವುದೂ ಬಿಟ್ಟುಹೋಗಿಲ್ಲ. ಕ್ಷೇತ್ರಕಾರ್ಯವೆಂದರೆ ಹೀಗಿರಬೇಕು. ಆ ಋಷ್ಯಶೃಂಗನೇ ಈಗ ಕಿಗ್ಗದಲ್ಲಿ ಮಳೆಯ ದೇವರು. ಪೂರ್ವಪಕ್ಷ ಅವನ ಮಳೆಯಲ್ಲೇ ಕೊಚ್ಚಿಹೋಯಿತೆಂದು ತಿಳಿಯತಕ್ಕದ್ದು.

ಸಿದ್ಧಾಂತ: ವಿದ್ಯಾಸಕ್ತಿ ಇಂಬಳದಂತೆ, ಅಂದರೆ ಮಳೆಕಾಡಿನ ಜಿಗಣೆಯಂತೆ, ಹತ್ತುತ್ತದೆ. ನಗುವವರು ಬೃಹದಾರಣ್ಯಕವನ್ನು ತೆರೆಯಲಿ. ಒಂದು ದೇಹದಿಂದ ಇನ್ನೊಂದಕ್ಕೆ ದಾಟುವ ಆತ್ಮಕ್ಕೆ ಯಾಜ್ಞವಲ್ಕ್ಯ ಜನಕನೆದುರು ಕೊಡುವ ಉಪಮೆ ಹುಲ್ಲಿನ ಮೇಲಿನ ಜಿಗಣೆಯದು. ಅದಕ್ಕೆ ಶಂಕರರ ಭಾಷ್ಯವಿದೆ. ಭಾಷ್ಯಕ್ಕೆ ಸುರೇಶ್ವರರ ವಾರ್ತಿಕವಿದೆ. ಸುರೇಶ್ವರರೇ ಶೃಂಗೇರಿಯ ಮೊದಲ ಪೀಠಾಧಿಪತಿಗಳೆಂದು ಪರಂಪರೆ. ಜಿಗಣೆಗೆ ಇಷ್ಟು ದೊಡ್ಡವರ ಶಿಫಾರಸು ಇರುವಾಗ ನಮ್ಮ ಕಾಡಿನ ಇಂಬಳ ಮಾಡಿದ ಪಾಪವೇನು?

ಲಕ್ಷಣ ವಿಚಾರ. ಇಂಬಳ ಹತ್ತಿದ್ದು ಗೊತ್ತಾಗುವುದಿಲ್ಲ. ಉದುರಿದ ಮೇಲೂ ರಕ್ತ ಹೆಪ್ಪುಗಟ್ಟದೆ ಸೋರುತ್ತದೆ, ಆಮೇಲೆ ತುರಿಕೆ. ಮುಖ್ಯವಾಗಿ, ಅದು ಏನನ್ನೂ ದಾನ ಮಾಡಲು ಬಂದದ್ದಲ್ಲ, ಹೀರಲು ಬಂದದ್ದು. ಪ್ರಯೋಗ ಮಾಡಿ ನೋಡಬಹುದು. ಕಾಡಂಚಿನ ಮನೆಯ ಅಜ್ಜಿಯೊಬ್ಬರಿಗೆ ಸ್ಥಳೀಯ ಆಹಾರದ ಮಹತ್ವ ಕುರಿತು ಉಪನ್ಯಾಸ ಕೊಡಿ. ಕೊಟ್ಟಿಗೆಯಲ್ಲಿ ದನ ಕೂಗಿತೆಂದು ಎದ್ದುಹೋಗುತ್ತಾರೆ. ಅದರ ಬದಲು, ‘ಅಮ್ಮಾ, ಕಳಲೆಗೆ ನೀರು ಎಷ್ಟು ಸಲ ಬದಲಿಸ್ಬೇಕು?’ ಎಂದು ನಿಜವಾಗಿ ತಿಳಿಯದವರಂತೆ ಕೇಳಿ. (ನಿಜವಾಗಿ ತಿಳಿಯದಿದ್ದರೆ ಇನ್ನೂ ಉತ್ತಮ.) ಹೇಳುತ್ತ ಹೇಳುತ್ತ ಅವರ ಮುಖ ಬೇರೆಯೇ ಆಗುತ್ತದೆ, ಜಗಲಿಯ ಮೊಮ್ಮಗ ಮೊಬೈಲ್ ಕೆಳಗಿಡುತ್ತಾನೆ. ಹತ್ತಿದ್ದು ಅವನಿಗೆ.

ಗ್ರಂಥಪ್ರಮಾಣವೂ ಇದೇ ಜಿಲ್ಲೆಯಲ್ಲಿದೆ. ಮೂಡಿಗೆರೆಯ ತೇಜಸ್ವಿ 1980ರಲ್ಲಿ ಪ್ರಕಟಿಸಿದ ‘ಕರ್ವಾಲೋ’ ಕಾದಂಬರಿಯ ವಿಜ್ಞಾನಿ ಹಳ್ಳಿಯ ಮಂದಣ್ಣನನ್ನು ತಿದ್ದಲು ಹೋಗುವುದಿಲ್ಲ, ಅವನಿಗೆ ಕಾಡಿನ ಬಗ್ಗೆ ಗೊತ್ತಿದ್ದದ್ದನ್ನು ಹೀರುತ್ತಾರೆ. ಊರು ಉಡಾಫೆ ಮಾಡಿದವನ ತಿಳಿವಳಿಕೆಗೆ ಒಬ್ಬ ಗಿರಾಕಿ ಸಿಕ್ಕಿದ್ದೇ ತಡ, ತೋಟದ ಚಿಂತೆಯಲ್ಲಿದ್ದ ನಿರೂಪಕನೂ ಸೇರಿ ಒಂದು ದಂಡೇ ಹಾರುವ ಓತಿಯ ಬೆನ್ನು ಹತ್ತುತ್ತದೆ. ಶಂಕರರ ಪ್ರಶ್ನೆಗೆ ಸಿಕ್ಕಿ ಸೋತ ಮಂಡನಮಿಶ್ರರೇ ಮುಂದೆ ಸುರೇಶ್ವರರಾದರೆಂಬ ಪ್ರತೀತಿಯನ್ನೂ ನೆನೆದರೆ, ಮಂಡನಮಿಶ್ರರಿಂದ ಮಂದಣ್ಣನವರೆಗೆ ಪರಂಪರೆ ಅವಿಚ್ಛಿನ್ನ.

ಆಕ್ಷೇಪ: ಹಾಗಿದ್ದರೆ ತರಗತಿಯಲ್ಲಿ ಯಾಕೆ ಹತ್ತುವುದಿಲ್ಲ? ಸಮಾಧಾನ: ಇಂಬಳಕ್ಕೆ ಉಪ್ಪು, ಸುಣ್ಣ, ಹೊಗೆಸೊಪ್ಪು ಹೇಗೋ, ಇದಕ್ಕೂ ಮೂರು ಮದ್ದುಗಳಿವೆ. ಒಂದು ಗೈಡು, ಎರಡು, ‘ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ’, ಮೂರು, ಆಸಕ್ತಿ ಮೂಡಿಸುವ ಕಾರ್ಯಾಗಾರ. ಮೂರನೆಯದು ಅತಿ ತೀಕ್ಷ್ಣ. ಸ್ವಾಗತ ಭಾಷಣ ಮುಗಿಯುವುದರೊಳಗೆ ಹತ್ತಿದ್ದೆಲ್ಲ ಉದುರಿರುತ್ತದೆ.

ಫಲಶ್ರುತಿ: ಕೆರೆಕಟ್ಟೆಯ ಈ ಕಾಡು 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಮೇಲೆ ಗಿಡ ಕೀಳುವುದು ಅಪರಾಧ, ಅದರ ಹೆಸರು ಕೇಳಲು ಇನ್ನೂ ಅನುಮತಿ ಬೇಕಿಲ್ಲ. ಹಾಗೆ ಕೇಳುತ್ತ, ಸೋನೆಯಲ್ಲಿ ನೆನೆಯುತ್ತ ಇದನ್ನು ಪಠಿಸಿದವರಿಗೆ ತುರಿಕೆ ಪ್ರಾಪ್ತಿ. ಸಭಾಂಗಣದಲ್ಲಿ ಕೂತು ಕೇಳಿದವರಿಗೆ ಪ್ರಮಾಣಪತ್ರ, ಮಧ್ಯಾಹ್ನದ ಊಟ ಮತ್ತು ಟಿಎ-ಡಿಎ.