ನಿಂಬೆಹಣ್ಣಿನ ಅಧಿಕಾರ ವ್ಯಾಪ್ತಿ

2019ರ ವಿಜಯದಶಮಿಯಂದು ನಮ್ಮ ರಕ್ಷಣಾ ಸಚಿವರು ಫ್ರಾನ್ಸಿಗೆ ಹೋಗಿ, ಮೊದಲ ರಫೇಲ್ ವಿಮಾನದ ಮೇಲೆ ಓಂ ಬರೆದು, ಚಕ್ರದಡಿ ನಿಂಬೆಹಣ್ಣು ಇಟ್ಟರು. ವಿಚಾರವಂತರು ಹಣೆ ಹಣೆ ಚಚ್ಚಿಕೊಂಡರು. ನನಗಂತೂ ಆ ನಿಂಬೆಹಣ್ಣಿನ ಮೇಲೆ ತಕರಾರಿಲ್ಲ. ಅದು ಚಕ್ರದ ಕೆಳಗಿತ್ತು, ಕಾಕ್‌ಪಿಟ್‌ನಲ್ಲಿ ಪೈಲಟ್ಟೇ ಇದ್ದ.

ಈ ವ್ಯವಹಾರದಲ್ಲಿ ಇಸ್ರೋ ಇನ್ನೂ ಪಳಗಿದ ಕೈ. ಉಡಾವಣೆಗೆ ಮುಂಚೆ ರಾಕೆಟ್ಟಿನ ಪುಟ್ಟ ಮಾದರಿ ತಿರುಮಲಕ್ಕೆ ಹೋಗಿಬರುವುದು ವಾಡಿಕೆ. 2009ರಲ್ಲಿ ಪಿಎಸ್‌ಎಲ್‌ವಿ ಸಿ-12 ಹಾರಿತು. ಅದರ ನಂತರದ್ದು ಸಿ-14. ನಡುವಿನದು ಎಲ್ಲಿ ಹೋಯಿತೆಂದು ಕೇಳಬಾರದು. (ಬೆಕ್ಕು, ಹಲ್ಲಿ, ಒಂಟಿ ಸೀನು ಎಂದು ನಮ್ಮಲ್ಲೇ ಇಷ್ಟು ಸ್ವದೇಶಿ ದಾಸ್ತಾನು ಇರುವಾಗ ಹದಿಮೂರನ್ನು ಆಮದು ಮಾಡಿಕೊಂಡದ್ದು ಮಾತ್ರ ಅತಿಯಾಯಿತು.) ಆದರೆ 2017ರಲ್ಲಿ ಸಿ-39ರ ಶಾಖಕವಚ ಕಳಚಿಕೊಳ್ಳದೆ ಉಪಗ್ರಹ ಒಳಗೇ ಸಿಕ್ಕಿಕೊಂಡಾಗ ಅರ್ಚಕರಿಗೆ ಯಾರೂ ನೋಟಿಸ್ ಕೊಡಲಿಲ್ಲ. ಕವಚ ಯಾಕೆ ಬಿಚ್ಚಿಕೊಳ್ಳಲಿಲ್ಲ ಎಂದು ಕವಚವನ್ನೇ ವಿಚಾರಿಸಿದರು.

ಈಗ ಶುಕ್ರವಾರ ಬೆಳಗ್ಗೆ ಯಾವುದಾದರೂ ಸ್ಕೂಟರ್ ಶೋರೂಮಿನ ಮುಂದೆ ನಿಂತು ನೋಡಿ. ಹ್ಯಾಂಡಲ್ಲಿಗೆ ಸೇವಂತಿಗೆ ಹಾರ, ಹೆಡ್‌ಲೈಟಿಗೆ ಅರಿಶಿನ ಕುಂಕುಮ, ಎರಡು ಚಕ್ರಕ್ಕೆ ಎರಡು ನಿಂಬೆಹಣ್ಣು. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಗಾಡಿ ಹೊರಡಬೇಕು. ಪಚಕ್ಕನೆ ನಿಂಬೆ ಒಡೆಯುತ್ತದೆ, ಮನೆಮಂದಿ ಚಪ್ಪಾಳೆ ತಟ್ಟುತ್ತಾರೆ. ‘ಹೆಲ್ಮೆಟ್ ಹಾಕ್ಕೊಳ್ಳೋ’ ಎನ್ನುತ್ತಾರೆ ಅಮ್ಮ. ‘ಇಲ್ಲೇ ಹತ್ರ ಅಲ್ವೇನಮ್ಮ’ ಎಂದು ಮಗರಾಯ ಅದನ್ನು ಮೊಣಕೈಗೆ ಸಿಕ್ಕಿಸಿಕೊಂಡು ಒನ್‌ವೇಯಲ್ಲಿ ಉಲ್ಟಾ ನುಗ್ಗುತ್ತಾನೆ. ಮೊಣಕೈ ಕ್ಷೇಮ. ರಾಹುವಿಗಾಗಿ ಒಂದೂವರೆ ಗಂಟೆ ಕಾಯಲು ತಯಾರಿದ್ದವನಿಗೆ ಕೆಂಪು ದೀಪಕ್ಕಾಗಿ ಒಂದು ನಿಮಿಷ ಕಾಯಲು ಪುರುಸೊತ್ತಿಲ್ಲ.

ಇಂಥವರಿಗೆ ಬುದ್ಧಿ ಹೇಳಲು ಹೋದವರ ಪಾಡು ಗೊತ್ತೇ ಇದೆ. ಅವರಿಗಿಂತ ಕಾಂಪೌಂಡ್ ಗೋಡೆಯ ಮಾಲೀಕರು ಜಾಣರು. ‘ಇಲ್ಲಿ ಮೂತ್ರ ಮಾಡಬಾರದು’ ಎಂಬ ಬರಹಕ್ಕೇ ಗುರಿಯಿಡುತ್ತಿದ್ದವರು ಅದೇ ಜಾಗದಲ್ಲಿ ದೇವರ ಟೈಲ್ಸ್ ಕಂಡೊಡನೆ ಎದೆ ಮುಟ್ಟಿಕೊಂಡು ಮುಂದೆ ಸಾಗುತ್ತಾರೆ. ಗಣಪತಿ, ಏಸು, ಮೆಕ್ಕಾ ಒಂದೇ ಸಾಲಿನಲ್ಲಿ, ಸಂಬಳವಿಲ್ಲದ ಪಾಳಿಯಲ್ಲಿ. ಶೌಚಾಲಯ ಕಟ್ಟಬೇಕಾದ ಪಾಲಿಕೆಗೂ ನಿರಾಳ.

ನಿಂಬೆಹಣ್ಣು ಚಕ್ರದಡಿಯಿಂದ ಎದ್ದು ಡ್ರೈವರ್ ಸೀಟಿನಲ್ಲಿ ಕೂತರೆ ಏನಾಗುತ್ತದೆಂದು ಚಾಮರಾಜನಗರದವರನ್ನು ಕೇಳಬೇಕು. ಆ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬುದು ದಶಕಗಳ ನಂಬಿಕೆ. ದೇವರಾಜ ಅರಸು, ಗುಂಡೂರಾವ್, ಹೆಗಡೆ, ಬೊಮ್ಮಾಯಿ ಎಂದು ಪಟ್ಟಿ ಸಿದ್ಧವಿದೆ. ಅಲ್ಲಿಗೆ ಹೋಗದೆ ಜೋಪಾನವಾಗಿದ್ದ ಎಸ್.ಎಂ. ಕೃಷ್ಣ 2004ರಲ್ಲಿ, ಯಡಿಯೂರಪ್ಪ 2011ರಲ್ಲಿ ಕುರ್ಚಿ ಬಿಟ್ಟರಲ್ಲ ಎಂದರೆ ಪಟ್ಟಿ ಬರೆದವರಿಗೆ ಕಿವಿ ಕೇಳಿಸುವುದಿಲ್ಲ. ಕೇಳಿಸಬಾರದು ಕೂಡ. ಭಿನ್ನಮತ, ಹಗರಣ, ಹೈಕಮಾಂಡ್, ಮತದಾರ ಎಲ್ಲರನ್ನೂ ಬಿಟ್ಟು ಒಂದು ಬಡ ಊರಿನ ತಲೆಗೆ ಸೋಲನ್ನು ಕಟ್ಟುವ ಇಂಥ ಸೌಕರ್ಯ ಯಾವ ಪಕ್ಷಕ್ಕೆ ಬೇಡ? ಹಾಗೆ ನೋಡಿದರೆ ಇದು ಮೂಢನಂಬಿಕೆಯೇ ಅಲ್ಲ, ಪಕ್ಕಾ ಲೆಕ್ಕಾಚಾರ.

ಸಿದ್ದರಾಮಯ್ಯ ಮತ್ತೆ ಮತ್ತೆ ಹೋಗಿಬಂದೂ 2018ರಲ್ಲಿ ಐದು ವರ್ಷ ಪೂರೈಸಿದರು. ಅಂಥವರ ಕಾರಿನ ಮೇಲೂ 2016ರಲ್ಲಿ ಒಂದು ಕಾಗೆ ಕೂತಿತು, ಸ್ವಲ್ಪ ದಿನಕ್ಕೆ ಹೊಸ ಕಾರು ಬಂತು. ಎರಡಕ್ಕೂ ಸಂಬಂಧವಿಲ್ಲ ಎಂದರು. ಇರಬಹುದು. ಟಿವಿಯಲ್ಲಿ ಜ್ಯೋತಿಷಿಗಳು ಕೂತು ಚರ್ಚಿಸಿದರು. ಕಾಗೆಯ ಪರವಾಗಿ ಮಾತಾಡಲು ಮಾತ್ರ ಯಾರನ್ನೂ ಕರೆದಿರಲಿಲ್ಲ.

ಚಾಮರಾಜನಗರದ ಪರವಾಗಿಯೂ ಅಷ್ಟೇ. ಆ ಊರಿಗೆ ಬಂದರೆ ಮುಖ್ಯಮಂತ್ರಿಗೆ ಏನು ಕಾದಿದೆ ಎಂದು ಹೇಳುವವರು ಬೀದಿಗೊಬ್ಬರಿದ್ದಾರೆ. ಮುಖ್ಯಮಂತ್ರಿ ಬಾರದೆ ಊರಿಗೆ ಎಷ್ಟು ವರ್ಷದ ಶನಿಕಾಟ ಎಂದು ಕವಡೆ ಹಾಕಿ ನೋಡಿದವರು ಇನ್ನೂ ಸಿಕ್ಕಿಲ್ಲ.