ಐದು ರೂಪಾಯಿ ಚೀಟಿಗೂ ಒಂದು ಸಮೀಕರಣ ಬರೆಯಿರಿ

ಸನ್ಮಾನ್ಯ ಗಣಿತ ಮಾದರಿ ಮಹಾಶಯರ ಸನ್ನಿಧಾನಕ್ಕೆ,

ಕೊರೊನಾ ಕಾಲದಲ್ಲಿ ದಿನಬೆಳಗಾದರೆ ಟೀವಿಯಲ್ಲಿ ದರ್ಶನ ಕೊಡುತ್ತಿದ್ದ ತಾವು ಈಗ ಯಾರ ಕೈಗೂ ಸಿಗುತ್ತಿಲ್ಲವಾದ್ದರಿಂದ ಬಹಿರಂಗ ಪತ್ರವೇ ಗತಿ. ವಿಷಯ ನಾಸಿಕ್‌ನದು, ಛತ್ರಪತಿ ಸಂಭಾಜಿನಗರದ್ದು. ಮರಾಠಿ ಊರುಗಳ ಪಂಚಾಯಿತಿ ಕನ್ನಡದವರಿಗೇಕೆ ಎಂದು ಕೇಳಬೇಡಿ. ವೈರಾಣು ಗಡಿ ವಿವಾದದಲ್ಲಿ ಯಾರ ಪಕ್ಷವನ್ನೂ ವಹಿಸಲಿಲ್ಲ.

ತಮ್ಮ ವಂಶಾವಳಿಯೂ ಮಹಾರಾಷ್ಟ್ರದ ಮಣ್ಣಿಗೇ ಅಂಟಿಕೊಂಡಿದೆ. 1927ರಲ್ಲಿ ಎಡಿನ್‌ಬರೋದ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ತಮ್ಮನ್ನು ಹೆತ್ತಾಗ ತೊಟ್ಟಿಲಿಗೆ ಹಾಸಿದ್ದು 1905ರ ಡಿಸೆಂಬರಿನಿಂದ 1906ರ ಜುಲೈವರೆಗಿನ ಮುಂಬಯಿ ಪ್ಲೇಗಿನ ಸಾವಿನ ಲೆಕ್ಕವನ್ನು. ಇಬ್ಬರಲ್ಲಿ ಮೆಕೆಂಡ್ರಿಕ್ ಹಿಂದೆ ಭಾರತದಲ್ಲೇ, ಕಸೌಲಿಯಲ್ಲಿ, ವೈದ್ಯರಾಗಿದ್ದವರು. ಸೋಂಕು ತಗಲಬಹುದಾದವರು, ತಗಲಿದವರು, ಆಟದಿಂದ ಹೊರಬಿದ್ದವರು ಎಂದು ಊರನ್ನೇ ಮೂರು ಪಾಲು ಮಾಡಿ ಬರೆದ ಆ ರೇಖೆ ಸಾವಿನ ಅಂಕಿಗಳ ಮೇಲೆ ಚೆನ್ನಾಗಿಯೇ ಕೂತಿತು. ಪ್ಲೇಗನ್ನು ಊರೂರಿಗೆ ಹೊತ್ತ ಇಲಿಗೂ ಚಿಗಟಕ್ಕೂ ಮಾತ್ರ ಅದರಲ್ಲಿ ಪ್ರತ್ಯೇಕ ಜಾಗವಿರಲಿಲ್ಲ. ಇದು ಬಲ್ಲ ಆ ಹಿರಿಯರು, ಹಿಡಿದ ಊಹೆಗಳು ಪೂರ್ತಿ ನಿಲ್ಲುವಂಥವಲ್ಲ, ಇದು ಒರಟು ಅಂದಾಜು ಮಾತ್ರ ಎಂದು ಪ್ರಬಂಧದಲ್ಲೇ ಬರೆದಿಟ್ಟರು. ಆ ಸಂಕೋಚ ಮೊಮ್ಮಕ್ಕಳ ಕಾಲಕ್ಕೆ ಸವೆದುಹೋದಂತಿದೆ.

ಯಾಕೆಂದರೆ 2020ರ ಏಪ್ರಿಲ್ 24ರಂದು ದೆಹಲಿಯಲ್ಲಿ ನೀತಿ ಆಯೋಗದ ಡಾ. ವಿ. ಕೆ. ಪಾಲ್ ತೋರಿಸಿದ ನಕ್ಷೆಯಲ್ಲಿ ಹೊಸ ಸೋಂಕಿನ ರೇಖೆ ಮೇ 16ಕ್ಕೆ ಸೊನ್ನೆ ಮುಟ್ಟುತ್ತಿತ್ತು. ಮೇ 16 ಬಂತು, ಅಂದಿನ ಹೊಸ ಪ್ರಕರಣ ನಾಲ್ಕು ಸಾವಿರದ ಆಸುಪಾಸು. ಅದೇ ಮೇ 22ಕ್ಕೆ ಲಾಕ್‌ಡೌನ್ 37,000ದಿಂದ 78,000 ಜೀವ ಉಳಿಸಿದೆ ಎಂಬ ಲೆಕ್ಕ ಹೊರಬಿತ್ತು. ಅಕ್ಟೋಬರಿನಲ್ಲಿ ಪ್ರೊ. ಎಂ. ವಿದ್ಯಾಸಾಗರ್ ನೇತೃತ್ವದ ಸಮಿತಿ, ಲಾಕ್‌ಡೌನ್ ಇಲ್ಲದಿದ್ದರೆ ಸಾವು 25 ಲಕ್ಷ ದಾಟುತ್ತಿತ್ತು ಎಂದಿತು. ಲಾಕ್‌ಡೌನ್ ಒಂದೇ, ಉಳಿತಾಯ ಮಾತ್ರ ಚಕ್ರಬಡ್ಡಿಯಲ್ಲಿ ಬೆಳೆದಿತ್ತು! ಲೆಕ್ಕ ಹಿಡಿದ ಅವಧಿ ಬೇರೆ, ವಿಧಾನ ಬೇರೆ, ಒಪ್ಪೋಣ. ಆದರೆ ಎರಡನ್ನೂ ತೂಗಲು ಬೇಕಾದ ‘ಲಾಕ್‌ಡೌನ್ ಇಲ್ಲದ ಭಾರತ’ ಇರುವುದು ತಮ್ಮ ಹೊಟ್ಟೆಯಲ್ಲಿ ಮಾತ್ರ. ಆರೋಪಿ, ಸಾಕ್ಷಿ, ನ್ಯಾಯಾಧೀಶ ಮೂವರೂ ತಾವೇ.

ಎಚ್ಚರಿಕೆಗಳನ್ನು ಪಾಲಿಸಿದರೆ 2021ರ ಫೆಬ್ರವರಿ ಹೊತ್ತಿಗೆ ಪಿಡುಗು ಬಹುತೇಕ ಅಡಗುತ್ತದೆ ಎಂದೂ ಅದೇ ಸಮಿತಿ ಹೇಳಿತ್ತು. ಮೇ ಮೊದಲ ವಾರ ದೇಶದಲ್ಲಿ ಒಂದೇ ದಿನ ನಾಲ್ಕು ಲಕ್ಷಕ್ಕೂ ಹೆಚ್ಚು ಪ್ರಕರಣ ಬಂದವು. ವಿದ್ಯಾಸಾಗರ್ ಮತ್ತಿತರರ ‘ಸೂತ್ರ’ ಮಾದರಿಗೆ ಎರಡನೆಯ ಅಲೆಯ ನಿಜಸ್ವರೂಪ ಊಹಿಸಲಾಗಲಿಲ್ಲ ಎಂದು ಕೇಂದ್ರ ವಿಜ್ಞಾನ ಇಲಾಖೆಯೇ ಒಪ್ಪಿಕೊಂಡಿತು. ಇರಲಿ, ಪಂಚಾಂಗದವರೂ ಮಳೆ ತಪ್ಪಿ ಹೇಳುತ್ತಾರೆ, ಅವರನ್ನು ಯಾರೂ ಊರು ಬಿಡಿಸುವುದಿಲ್ಲ. ದೂರು ಬೇರೆಯೇ ಇದೆ.

2021ರ ಮಾರ್ಚ್ ಕೊನೆಯಲ್ಲಿ ನಾಸಿಕ್‌ನ ಪೊಲೀಸರು ಹೊಸದೊಂದು ಪದ್ಧತಿ ತಂದರು. ಪೇಟೆಗೆ ಹೋಗಬೇಕಾದರೆ ತಲೆಗೆ ಐದು ರೂಪಾಯಿ ಚೀಟಿ. ಚೀಟಿಯ ಆಯುಸ್ಸು ಒಂದು ಗಂಟೆ, ಮೀರಿದರೆ 500 ರೂಪಾಯಿ ದಂಡ. ಮೆಂತ್ಯದ ಕಟ್ಟಿಗೆ ಚೌಕಾಸಿ ಮಾಡುವವಳ ಒಂದು ಕಣ್ಣು ತಕ್ಕಡಿಯ ಮೇಲೆ, ಇನ್ನೊಂದು ಗಡಿಯಾರದ ಮೇಲೆ. ನಗುವವರು ನಕ್ಕರು. ತಾವಾದರೂ ನಗುವ ಮೊದಲು ಲೆಕ್ಕ ಹಾಕಬಹುದಿತ್ತು. ಗಂಟೆಗೆ 600 ಜನ ಬರುತ್ತಾರೆ, ಒಬ್ಬೊಬ್ಬರು ಎರಡು ಗಂಟೆ ಇರುತ್ತಾರೆ ಎಂದಿಟ್ಟುಕೊಳ್ಳಿ: ಪೇಟೆಯೊಳಗೆ ಸದಾ 1,200 ಜನ. ಒಂದೇ ಗಂಟೆ ಇದ್ದರೆ 600. ದಟ್ಟಣೆ ಅರ್ಧ, ಕಳೆಯುವ ಹೊತ್ತೂ ಅರ್ಧ, ಹಾಗಾಗಿ ಒಬ್ಬ ಗಿರಾಕಿಗೆ ತಗಲುವ ಸಂಪರ್ಕ ಕಾಲುಭಾಗಕ್ಕಿಳಿಯಬೇಕು. ಐದು ರೂಪಾಯಿಗೆ ಇಷ್ಟು ಸಿಕ್ಕರೆ ಲಾಭವೇ.

ಈಗ ಅಡ್ಡಲೆಕ್ಕ. ಒಂದು ಗಂಟೆಯಲ್ಲಿ ಸಂತೆ ಮುಗಿಯದೆ ಎಲ್ಲರೂ ಎರಡೆರಡು ಸಲ ಬಂದರೆ ಗಂಟೆಗೆ 1,200 ಜನ ಒಳಬಂದು ಗುಂಪು ಮೊದಲಿನಷ್ಟೇ ಆಗುತ್ತದೆ. ಚೀಟಿಗಾಗಿ ಬಾಗಿಲಲ್ಲಿ ನಿಲ್ಲುವ ಸಾಲು ಬಡ್ಡಿ. ಯಾವುದು ನಡೆಯಿತು ಎಂದು ತಿಳಿಯಲು ಸೂಪರ್‌ಕಂಪ್ಯೂಟರ್ ಬೇಡ, ಹರಿದ ಚೀಟಿಗಳ ಬುಡಗಳನ್ನು ಎಣಿಸಿದರೆ ಸಾಕು. ದೇಶದ ಆಗಿನ 138 ಕೋಟಿ ಜನರನ್ನು ಒಂದೇ ಗಡಿಗೆಯಲ್ಲಿ ಹಾಕಿ ತಿರುವಿದ ತಮಗೆ ಇಂಥ ಚಿಲ್ಲರೆ ಲೆಕ್ಕ ಅಗೌರವವೇನೋ. ಆದರೆ ಜನ ಬದುಕುವುದು ಚಿಲ್ಲರೆ ಆದೇಶಗಳ ಕೆಳಗೇ.

ಸಂಭಾಜಿನಗರ, ಅಂದರೆ ಆಗಿನ ಔರಂಗಾಬಾದ್, ಹಿಂದೆ ಬೀಳಲಿಲ್ಲ. ಜಿಲ್ಲೆಯಲ್ಲಿ ಲಸಿಕೆ ಪಡೆದವರು ಶೇ. 55, ರಾಜ್ಯದಲ್ಲಿ ಶೇ. 74. 2021ರ ನವೆಂಬರಿನಲ್ಲಿ ಕಲೆಕ್ಟರ್ ಆದೇಶ ಹೊರಟಿತು: ಒಂದು ಡೋಸಾದರೂ ಆಗದವರಿಗೆ ಪೆಟ್ರೋಲ್ ಇಲ್ಲ, ಗ್ಯಾಸ್ ಇಲ್ಲ, ರೇಷನ್ ಇಲ್ಲ, ಎಲ್ಲೋರ, ಅಜಂತಾ ನೋಡುವಂತೆಯೂ ಇಲ್ಲ. ಪೆಟ್ರೋಲ್ ಬಂಕಿನ ಹುಡುಗ ರಾತ್ರೋರಾತ್ರಿ ಆರೋಗ್ಯಾಧಿಕಾರಿಯಾದ. ಮುಂದೆ ಲಸಿಕೆಯ ಅಂಕಿ ಎಷ್ಟೇ ಏರಿರಲಿ, ಅದೇ ತಿಂಗಳು ದೇಶಾದ್ಯಂತ ‘ಹರ್ ಘರ್ ದಸ್ತಕ್’ ಎಂದು ಮನೆಮನೆ ಬಾಗಿಲು ತಟ್ಟುವ ಅಭಿಯಾನವೂ ಶುರುವಾಗಿತ್ತು. ಏರಿಕೆಯಲ್ಲಿ ಖಾಲಿ ಟ್ಯಾಂಕಿನ ಪಾಲೆಷ್ಟು, ಬಾಗಿಲು ತಟ್ಟಿದ ಆಶಾ ಕಾರ್ಯಕರ್ತೆಯ ಪಾಲೆಷ್ಟು? ಇಂಥದ್ದನ್ನು ಬೇರ್ಪಡಿಸುವುದಕ್ಕಲ್ಲವೇ ತಮ್ಮನ್ನು ಸಾಕಿರುವುದು?

ನಾಸಿಕ್ ಜಿಲ್ಲೆಯ ಮಗ್ಗದೂರು ಮಾಲೆಗಾಂವ್‌ನಲ್ಲಿ ಗೋಜಲು ಇನ್ನೂ ದೊಡ್ಡದು. 2020ರ ಏಪ್ರಿಲ್‌ನಿಂದ ಉರಿದ ಸೋಂಕು ಕೆಲವೇ ತಿಂಗಳಲ್ಲಿ ಇಳಿಯಿತು. ಬಂದೋಬಸ್ತು ಎಂದರು ಪೊಲೀಸರು, ಯುನಾನಿಯವರ ‘ಮನ್ಸೂರಾ ಕಾಢಾ’ ಕಷಾಯ ಎಂದರು ಕುಡಿದವರು, ಹರಡುವಷ್ಟು ಹರಡಿ ಸುಸ್ತಾಯಿತು ಎಂದರು ಕೆಲವರು. ರೇಖೆ ಇಳಿದಾಗ ಹೆಗಲು ಕೊಟ್ಟೆವು ಎನ್ನುವವರಿಗೆ ಬರವಿಲ್ಲ.

ಹೇಳಲೇಬೇಕಾದ ಇನ್ನೊಂದು ಮಾತಿದೆ, ಅದರಲ್ಲಿ ನಗುವುದಕ್ಕೇನೂ ಇಲ್ಲ. 2020ರ ಮೇ 8ರ ನಸುಕಿನಲ್ಲಿ ಸಂಭಾಜಿನಗರ ಜಿಲ್ಲೆಯ ಕರಮಾಡ್ ಬಳಿ ಗೂಡ್ಸ್ ರೈಲು ಹರಿದು 16 ಕೂಲಿಕಾರರು ಸತ್ತರು. ಜಾಲನಾದ ಉಕ್ಕಿನ ಕಾರ್ಖಾನೆಯಿಂದ ಮಧ್ಯಪ್ರದೇಶದ ಊರು ಸೇರಲೆಂದು ಹಳಿಗುಂಟ ನಡೆದು, ದಣಿದು ಅಲ್ಲೇ ಮಲಗಿದ್ದವರು. ಕಟ್ಟಿಕೊಂಡಿದ್ದ ರೊಟ್ಟಿಗಳು ಹಳಿಯ ಮೇಲೆ ಚದುರಿದ್ದವು. ಜೀವ ಉಳಿತಾಯದ ಲೆಕ್ಕ ಬಂದದ್ದು ಅದಾಗಿ ಎರಡು ವಾರಕ್ಕೆ. ಆ 16 ಮಂದಿ ಸೋಂಕು ತಗಲಿದವರೂ ಅಲ್ಲ, ಗುಣವಾದವರೂ ಅಲ್ಲ. ತಮ್ಮ ಯಾವ ಪಾಲಿನಲ್ಲಿ ಅವರನ್ನು ಹಾಕಿದಿರಿ? 2021ರ ಏಪ್ರಿಲ್ 21ರಂದು ನಾಸಿಕ್‌ನ ಡಾ. ಜಾಕಿರ್ ಹುಸೇನ್ ಆಸ್ಪತ್ರೆಯಲ್ಲಿ ಆಮ್ಲಜನಕದ ಟ್ಯಾಂಕ್ ಸೋರಿ ಒತ್ತಡ ಬಿದ್ದು ಅಂದೇ 22 ರೋಗಿಗಳು ಸತ್ತರು. ತಮ್ಮ ನಕ್ಷೆಗಳಲ್ಲಿ ಆಸ್ಪತ್ರೆಯ ಸಾಮರ್ಥ್ಯ ಅಲುಗಾಡದ ಅಡ್ಡಗೆರೆ. ಆ ದಿನ ಆ ಗೆರೆ ಎಲ್ಲಿತ್ತು?

ತಮ್ಮನ್ನು ಗಂಗೆಗೆ ಎಸೆಯಿರಿ ಎಂದು ಯಾರೂ ಹೇಳುತ್ತಿಲ್ಲ. ಮಾದರಿ ಇಲ್ಲದ ಊರಿನಲ್ಲಿ ಆಳುವುದು ಅಧಿಕಾರಿಯ ಗುಮಾನಿ, ಅದು ತಮಗಿಂತ ಅಪಾಯ. ಬೇಡಿಕೆ ಸಣ್ಣದು. ‘ಸೂತ್ರ’ ಬರೆದ ಮೂವರಲ್ಲಿ ಒಬ್ಬರಾದ ಡಾ. ಮಾಧುರಿ ಕಾನಿಟ್ಕರ್ 2021ರಲ್ಲಿ ನಾಸಿಕ್‌ನ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು. ಮಾಲೆಗಾಂವ್‌ನ ಒಗಟು ಬಿಡಿಸಲು ಆ ವಿಶ್ವವಿದ್ಯಾಲಯ ಕೈಯನ್ನೂ ಹಾಕಿತು. ವಿಳಾಸವಂತೂ ಗೊತ್ತಾಯಿತಲ್ಲ, ಮುಂದಿನ ಪಿಡುಗಿಗೆ ಮೊದಲೇ ತಾವು ಅಲ್ಲಿಂದಲೇ ಕೆಲಸ ಶುರುಮಾಡಿ. ಯಾವ ಆದೇಶ ಹೊರಟರೂ ಅದರ ಕೆಳಗೆ ಎರಡು ಸಾಲು ಬರೆಸಿ: ಇದರಿಂದ ಸೋಂಕು ಎಷ್ಟು ಇಳಿಯುತ್ತದೆಂಬ ನಿರೀಕ್ಷೆ, ಅದನ್ನು ಯಾವ ದಿನ ಯಾವ ಲೆಕ್ಕದಿಂದ ತಾಳೆ ನೋಡುತ್ತೀರಿ. ತಾಳೆಯಾಗದಿದ್ದರೆ ಆದೇಶ ಹಿಂದಕ್ಕೆ ಪಡೆಯಿರಿ, ಐದು ರೂಪಾಯಿಯನ್ನೂ ವಾಪಸು ಕೊಡಿಸಿ.

ಇಂತಿ,
ತಮ್ಮ ಸಮೀಕರಣದೊಳಗಿನ ‘ಸೋಂಕು ತಗಲಬಹುದಾದವರು’